ಸೋಮಾರಿಯ ಬ್ಯಾಟರಿ

ಅವಳನ್ನು ಎಲ್ಲರೂ ತೊಟ್ಟಿಯಕ್ಕ ಎಂದೇ ಕರೆಯುವುದು. ಅಣೆಕಟ್ಟಿನ ಮಗ್ಗುಲಿನ ಹಳೆಯ ಪಂಪ್‌ಹೌಸನ್ನು ಪ್ರಯೋಗಶಾಲೆ ಮಾಡಿಕೊಂಡಾಗ ಅವಳ ಮೇಜು ಒಳಗಿನ ಕಾಂಕ್ರೀಟ್ ತೊಟ್ಟಿಯ ಪಕ್ಕಕ್ಕೆ ಬಂತು. ಬೇರೆಯವರ ಮೇಜುಗಳು ಒಂದೊಂದಾಗಿ ಕಿಟಕಿಯ ಕಡೆಗೆ ಹೋದವು, ಮಹಡಿ ಹತ್ತಿದವು. ಅವಳದು ಅಲ್ಲೇ ಉಳಿಯಿತು. ತೊಟ್ಟಿಯ ತೇವ ಹತ್ತಿ ಮರ ಊದಿಕೊಂಡು, ಡ್ರಾಯರು ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಬೇಕಾದ್ದನ್ನೆಲ್ಲ ಅವಳು ಆ ಅರ್ಧದಲ್ಲೇ ಇಟ್ಟುಕೊಂಡಿದ್ದಳು.

ಅವಳ ಕೆಲಸ ನೀರಿನೊಳಗಿನ ಯಂತ್ರಗಳನ್ನು ಮಾತಾಡಿಸುವುದು. ನಮ್ಮ ಫೋನಿನ ಅಲೆಗಳು ನೀರಿಗೆ ಇಳಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಇಲ್ಲವಾಗುತ್ತವೆ. ನೀರಿನಲ್ಲಿ ದೂರ ಹೋಗುವುದು ಸದ್ದೊಂದೇ. ಆದರೆ ಸದ್ದಿಗೂ ಅಲ್ಲಿ ನೆಟ್ಟಗಿನ ದಾರಿಯಿಲ್ಲ. ಅದು ಮೇಲ್ಮೈಗೆ ಬಡಿಯುತ್ತದೆ, ತಳಕ್ಕೆ ಬಡಿಯುತ್ತದೆ, ಹೇಳಿದ ಮಾತೇ ಸ್ವಲ್ಪ ತಡವಾಗಿ ಎರಡನೇ ಸಲ, ಮೂರನೇ ಸಲ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಹಳೆಯ ಉಪಕರಣಗಳು ಒಂದು ಮಾತು ಹೇಳಿ, ಅದರ ಪ್ರತಿಧ್ವನಿ ಅಡಗುವವರೆಗೆ ಕಾದು, ಆಮೇಲೆ ಇನ್ನೊಂದು ಹೇಳುತ್ತಿದ್ದವು. ಹಾಗೆ ಒಂದು ಚಿತ್ರ ಮೇಲೆ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು, ಬ್ಯಾಟರಿಯೂ ಬರಿದಾಗುತ್ತಿತ್ತು. ಆಳದಲ್ಲಿ ಬ್ಯಾಟರಿ ಬದಲಿಸುವುದು ಗೋಡೆ ಗಡಿಯಾರದ ಸೆಲ್ ಬದಲಿಸಿದಷ್ಟು ಸುಲಭವಲ್ಲ. ಬೇಗ ಮಾತಾಡಬೇಕು, ಕಡಿಮೆ ದಣಿಯಬೇಕು. ಅಕ್ಕನ ಪ್ರಾಯ ಈ ಎರಡರ ನಡುವೆಯೇ ಕಳೆಯಿತು.

ಮೊದಲ ವರ್ಷಗಳೆಲ್ಲ ತೊಟ್ಟಿಯಲ್ಲೇ. ತೊಟ್ಟಿಗೆ ಬಿಟ್ಟ ಸದ್ದಿಗೆ ಹೊರಗೆ ಹೋಗುವ ದಾರಿಯಿಲ್ಲ. ನಾಲ್ಕೂ ಗೋಡೆಗೆ ಬಡಿದು, ದಣಿದು, ತಾನಾಗಿ ನಿಲ್ಲಬೇಕು. ಅದನ್ನು ಕೇಳಿ ಕೇಳಿ ಅಕ್ಕನಿಗೆ ಒಂದು ಉಪಾಯ ಹೊಳೆದಿತ್ತು. ಮಾತಿಗೆ ಮೊದಲು ಒಂದು ಚಿಕ್ಕ ಶಿಳ್ಳೆ ಹಾಕುವುದು. ಈ ಹೊತ್ತು ನೀರು ಅದನ್ನು ಎಷ್ಟು ಸಲ, ಎಷ್ಟು ತಡವಾಗಿ ಹಿಂದಿರುಗಿಸುತ್ತದೆ ಎಂದು ಕೇಳಿಸಿಕೊಳ್ಳುವುದು. ಬರುವ ಮಾತಿನಿಂದ ಅಷ್ಟನ್ನು ಕಳೆದುಬಿಡುವುದು. ಇನ್ನೊಂದು ಉಪಾಯ ನಿದ್ದೆಯದು. ಕೆಲಸವಿಲ್ಲದಾಗ ಉಪಕರಣ ಪೂರ್ತಿ ಮಲಗುತ್ತದೆ, ಒಂದು ಪುಟ್ಟ ಕಿವಿ ಮಾತ್ರ ಎಚ್ಚರವಿರುತ್ತದೆ. ತನ್ನದೇ ಶಿಳ್ಳೆ ಕೇಳಿದರೆ ಮಾತ್ರ ಆ ಕಿವಿ ಉಳಿದದ್ದನ್ನು ಎಬ್ಬಿಸುತ್ತದೆ.

ಹೀಗೆ ತಯಾರಾದ ಮೊದಲನೆಯದನ್ನು ಅಣೆಕಟ್ಟಿನ ಬುಡದಲ್ಲಿ, ತೂಬಿನ ಕಬ್ಬಿಣದ ಜಾಲರಿಯ ಎದುರಿಗೆ ಇಳಿಸಿದ್ದರು. ನೋಡಲು ಸಣ್ಣ ಗ್ಯಾಸ್ ಸಿಲಿಂಡರಿನ ಹಾಗೆ. ಜಾಲರಿಗೆ ಹೂಳು ಎಷ್ಟು ಕಟ್ಟಿದೆ ಎಂದು ಅದು ಚಿತ್ರ ತೆಗೆದು ಇಟ್ಟುಕೊಳ್ಳುತ್ತಿತ್ತು. ಬೆಳಿಗ್ಗೆ ಅಕ್ಕ ದೋಣಿಯಲ್ಲಿ ನೀರಿನ ನಡುವಿನ ತೇಲುಕಟ್ಟೆಗೆ ಹೋಗಿ ಶಿಳ್ಳೆ ಹಾಕಿದರೆ, ಬ್ಯಾಟರಿ ಎಷ್ಟಿದೆ, ನೀರು ಎಷ್ಟು ತಣ್ಣಗಿದೆ, ಅಷ್ಟು ಹೇಳಿ, ಒಂದು ಮಸುಕು ಚಿತ್ರ ಕಳಿಸಿ ಮಲಗಿಬಿಡುತ್ತಿತ್ತು. ಅದಕ್ಕೆ ಸೋಮಾರಿ ಎಂದು ಹೆಸರಿಟ್ಟವನು ದೋಣಿ ನಡೆಸುವವನು.

“ಕರೆದ್ರೆ ಮಾತ್ರ ಏಳ್ತಾನೆ, ಕೇಳಿದ್ದಕ್ಕಷ್ಟೇ ಉತ್ತರ, ಆಮೇಲೆ ಮತ್ತೆ ಮಗ್ಗುಲು ಬದಲಾಯಿಸ್ತಾನೆ,” ಎಂದಿದ್ದ ಅವನು. “ನಮ್ಮ ಅಳಿಯನೂ ಹೀಗೇ ಅಕ್ಕ. ಇವನು ಊಟ ಕೇಳಲ್ಲ, ಅಷ್ಟೇ ವ್ಯತ್ಯಾಸ.”

ಅಕ್ಕನ ಗಂಡ ಬಂದರಿನ ಊರಿನಲ್ಲಿ ಹಡಗಿನ ಇಂಜಿನ್ ರಿಪೇರಿ ಮಾಡುವವನು. ಅರ್ಧ ದಿನದ ಬಸ್ಸಿನ ದಾರಿ. ಮಗಳು ಮೊದಲು ಅಕ್ಕನ ಜೊತೆಗೇ ಇದ್ದಳು. ಇಲ್ಲಿನ ಶಾಲೆ ಚಿಕ್ಕ ತರಗತಿಗಳಿಗೇ ಮುಗಿಯುತ್ತಿದ್ದುದರಿಂದ ಅಪ್ಪನ ಬಳಿಗೆ ಹೋದಳು. ಅವಳನ್ನು ನೋಡಿಕೊಳ್ಳಲು ಕೆಲವು ದಿನಕ್ಕೆಂದು ಬಂದ ನಾದಿನಿ ಅಲ್ಲೇ ನಿಂತಳು. ಒಳ್ಳೆಯ ಹೆಂಗಸು. ಅಡುಗೆಮನೆಯ ಡಬ್ಬಿಗಳನ್ನು ತನ್ನ ಕೈಗೆ ಸಿಗುವ ಹಾಗೆ ಜೋಡಿಸಿಕೊಂಡಿದ್ದಳು. ರಜೆಯಲ್ಲಿ ಹೋದಾಗ ಅಕ್ಕ ಸಕ್ಕರೆ ಎಲ್ಲಿದೆ ಎಂದು ಕೇಳಬೇಕಾಗುತ್ತಿತ್ತು.

ಅದೇ ಊರಿನಲ್ಲಿ, ಇದೇ ಇಲಾಖೆಯ ಸಮುದ್ರ ಕೇಂದ್ರದಲ್ಲಿ, ಅಕ್ಕನ ಕೆಲಸಕ್ಕೆ ಸರಿಯಾದ ಒಂದು ಜಾಗ ಖಾಲಿಯಾಯಿತು. ಅವರು ಅವಳನ್ನು ಕೇಳಿಯೂ ಕಳಿಸಿದರು. ಇಲ್ಲಿಂದ ಬಿಡುಗಡೆ ಸಿಕ್ಕಿದರೆ ಸಾಕು. ಅದಕ್ಕೆ ಸಹಿ ಹಾಕಬೇಕಾದವರು ಪ್ರಯೋಗಶಾಲೆಯ ಮುಖ್ಯಸ್ಥರು. ಎಲ್ಲರ ಬಾಯಲ್ಲೂ ಅವರು ದೊಡ್ಡವರು.

“ಸೋಮಾರಿಯನ್ನ ಅರ್ಧಕ್ಕೆ ಬಿಟ್ಟು ಹೋಗ್ತೀಯೇನಮ್ಮ?” ಎಂದು ಕೇಳಿದರು ದೊಡ್ಡವರು. ಸಿಟ್ಟಿಲ್ಲ, ನಗುತ್ತಲೇ ಕೇಳಿದ್ದು.

“ಅರ್ಧಕ್ಕಲ್ಲ ಸರ್. ಮಕ್ಕಳ ಪರೀಕ್ಷೆ ಮುಗಿಯೋ ಹೊತ್ತಿಗೆ ಅವನ ಬ್ಯಾಟರಿನೂ ಮುಗಿಯುತ್ತೆ.”

“ಖಂಡಿತಾನಾ?”

“ನಾನೇ ಲೆಕ್ಕ ಹಾಕಿದ್ದು ಸರ್.”

“ಹಾಗಾದ್ರೆ ಅವನ ಬ್ಯಾಟರಿ ಮುಗಿದ ದಿನ ನಿನ್ನ ಸಹಿ. ಪ್ರಯೋಗನೂ ಪೂರ್ತಿ ಆಗುತ್ತೆ, ನೀನೂ ನಿನ್ನ ಮನೆ ಸೇರ್ತೀಯ. ಮಾತು ಕೊಟ್ಟೆ.”

ಅಕ್ಕ ಆ ಕೋಣೆಯಿಂದ ಹೊರಗೆ ಬಂದವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

ಆ ಲೆಕ್ಕ ಸುಳ್ಳಾಗಿರಲಿಲ್ಲ. ಅದು ಅವರ ಕಸುಬಿನ ಲೆಕ್ಕವಾಗಿತ್ತು, ಅಷ್ಟೇ. ಆ ಕಸುಬಿನಲ್ಲಿ ಎಲ್ಲರೂ ಒಂದಿಷ್ಟು ಕೈ ಬಿಗಿಹಿಡಿದೇ ಹೇಳುತ್ತಾರೆ. ಬ್ಯಾಟರಿ ಮಾಡಿದವರು ತಮ್ಮ ಬ್ಯಾಟರಿಯ ಆಯಸ್ಸನ್ನು ತುಸು ಕಡಿಮೆ ಮಾಡಿ ಹೇಳಿದ್ದರು. ತಳದ ನೀರು ತಣ್ಣಗಿರುತ್ತದಲ್ಲ ಎಂದು ಅಕ್ಕ ಅದರಲ್ಲಿ ಸ್ವಲ್ಪ ಕಳೆದಳು. ಯಾರಾದರೂ ಸುಮ್ಮಸುಮ್ಮನೆ ಎಬ್ಬಿಸಬಹುದು ಎಂದು ಇನ್ನೂ ಸ್ವಲ್ಪ. ಕೊನೆಗೆ, ತನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಅದಕ್ಕೂ ಇರಲಿ ಎಂದು ಮತ್ತಷ್ಟು. ಅನಿರೀಕ್ಷಿತವಾಗಿ ನೆಂಟರು ಬಂದರೆ ಎಂದು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವ ಹಾಗೆ. ಯಂತ್ರಕ್ಕೆ ಅದು ಒಳ್ಳೆಯ ಅಭ್ಯಾಸ. ಆ ದಿನ ತಾನು ಹೇಳುತ್ತಿರುವ ಲೆಕ್ಕ ಯಂತ್ರದ್ದಲ್ಲ, ತನ್ನದು ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಪರೀಕ್ಷೆ ಮುಗಿಯಿತು. ರಜೆ ಮುಗಿಯಿತು. ಮಗಳು ಮುಂದಿನ ತರಗತಿಗೆ ಹೋದಳು, ಅವಳ ಸಮವಸ್ತ್ರದ ಅಳತೆಯನ್ನು ನಾದಿನಿ ಕೊಟ್ಟಳು. ಸೋಮಾರಿ ದಿನಾ ಬೆಳಿಗ್ಗೆ ಎದ್ದು, ಬ್ಯಾಟರಿ ಚೆನ್ನಾಗಿದೆ ಎಂದು ಹೇಳಿ ಮಲಗುತ್ತಿದ್ದ.

“ಇನ್ನೂ ಇದ್ದಾನಾ?” ಎಂದು ಮಹಡಿಯವರು ಬಂದು ಅಕ್ಕನ ಕೈ ಕುಲುಕಿದರು. ಹೊರಗಿನಿಂದ ಅತಿಥಿಗಳು ಬಂದರೆ ದೊಡ್ಡವರು ಅವರನ್ನು ಮೊದಲು ತೊಟ್ಟಿಯ ಬಳಿಗೇ ಕರೆತರುತ್ತಿದ್ದರು. “ಇವರೇ ನೋಡಿ. ಇವರು ಮಾಡಿದ್ದು ಸಾಯೋದೇ ಇಲ್ಲ.” ಅತಿಥಿಗಳು ತಲೆದೂಗುತ್ತಿದ್ದರು. ಅಕ್ಕನೂ ನಗಬೇಕಾಗುತ್ತಿತ್ತು. ಅವರೆಲ್ಲ ಹೋದ ಮೇಲೆ ಅವಳು ಅರ್ಧ ಡ್ರಾಯರಿನಿಂದ ಪೆನ್ನು ತೆಗೆದು ಅಂದಿನ ಅಂಕಿಗಳನ್ನು ಬರೆದು ಕೂರುತ್ತಿದ್ದಳು. ಬ್ಯಾಟರಿಯ ಗೆರೆ ಇಳಿಯುತ್ತಿತ್ತು, ಆದರೆ ಇಳಿಯುತ್ತಿದೆ ಎಂದು ಹೇಳಲು ಕಣ್ಣು ಕಿರಿದು ಮಾಡಿ ನೋಡಬೇಕಿತ್ತು.

ಎರಡು ಸಲ, ಮೂರು ಸಲ ದೊಡ್ಡವರ ಬಳಿ ಹೋದಳು. “ನೋಡೋಣಮ್ಮ, ಇಷ್ಟು ದಿನ ಆಯ್ತು, ಇನ್ನೇನು ಮುಗಿದೇ ಹೋಗುತ್ತೆ,” ಎಂದರು. “ಆಯ್ತು ಸರ್,” ಎಂದು ಬಂದಳು.

ಸಂಜೆ ಮಗಳ ಫೋನು. ಮೊದಮೊದಲು ಹುಡುಗಿ ಶಾಲೆಯ ಕಥೆಯನ್ನೆಲ್ಲ ಹೇಳುತ್ತಿದ್ದಳು, ಯಾರು ಯಾರ ಜೊತೆ ಟೂ ಬಿಟ್ಟರು, ಯಾವ ಟೀಚರ ಚಪ್ಪಲಿ ಕಿತ್ತುಹೋಯಿತು. ಈಗ ಮಾತು ಚುಟುಕಾಗಿತ್ತು.

“ಊಟ ಆಯ್ತಾ?”

“ಹೂಂ.”

“ಶಾಲೆ?”

“ಚೆನ್ನಾಗಿತ್ತು.”

“ಮತ್ತೇನು ಸಮಾಚಾರ?”

“ಏನೂ ಇಲ್ಲಮ್ಮ. ಅತ್ತೆಗೆ ಕೊಡ್ಲಾ?”

ನಾದಿನಿ ಫೋನು ತೆಗೆದುಕೊಂಡು, ಮಾತಿನ ನಡುವೆ, ಹೋದ ವಾರ ಮಗುವಿಗೆ ಜ್ವರ ಬಂದಿತ್ತು ಎಂದಳು. “ಈಗ ಪೂರಾ ಹೋಗಿದೆ ಅತ್ತಿಗೆ. ನಿಮಗೆ ಹೇಳೋಣ ಅಂದ್ರೆ ಅವಳೇ ಬೇಡ ಅಂದ್ಲು. ಅಮ್ಮ ಸುಮ್ನೆ ಬಸ್ಸು ಹತ್ತಿ ಬಂದುಬಿಡ್ತಾಳೆ, ಆಮೇಲೆ ಮತ್ತೆ ಹೋಗ್ತಾಳೆ, ಯಾಕೆ ಅಂತ.”

ಅಕ್ಕ “ಹೂಂ” ಎಂದಳು.

ಅದೇ ವಾರ ಗಂಡ ತಾನಾಗಿ ಫೋನು ಮಾಡಿದ. “ಸಮುದ್ರ ಕೇಂದ್ರದವರು ಇವತ್ತು ನಮ್ಮ ವರ್ಕ್‌ಶಾಪಿಗೇ ಬಂದಿದ್ರು. ಈ ತಿಂಗಳ ಕೊನೆವರೆಗೆ ಕಾಯ್ತಾರಂತೆ. ಆಮೇಲೆ ಬೇರೆಯವರನ್ನ ತಗೋತಾರೆ. ನಾನು ಏನು ಹೇಳ್ಲಿ ಹೇಳು.”

“ಬ್ಯಾಟರಿ ಇನ್ನೂ ಇದೆ.”

“ನಿನ್ನ ಗಂಡ ಇಂಜಿನ್ ರಿಪೇರಿಯವನು ಕಣೇ. ಕೆಟ್ಟದ್ದನ್ನ ಸರಿಮಾಡು ಅಂದ್ರೆ ಮಾಡ್ತೀನಿ. ಸರಿಯಿರೋದನ್ನ ಏನು ಮಾಡ್ಲಿ?” ಎಂದ. ಇಬ್ಬರೂ ಸ್ವಲ್ಪ ನಕ್ಕರು.

ಮರುದಿನ ಬೆಳಗಿನ ಕರೆ ಮುಗಿದ ಮೇಲೂ ಅಕ್ಕ ತೇಲುಕಟ್ಟೆಯಿಂದ ಏಳಲಿಲ್ಲ. ದೋಣಿಯವನು ಹಗ್ಗ ಬಿಚ್ಚಿ ಹಿಡಿದುಕೊಂಡು ನಿಂತಿದ್ದ.

“ಇನ್ನೊಂದು ಸ್ವಲ್ಪ ಹೊತ್ತು ಕೂತಿರು ಅಣ್ಣ,” ಎಂದಳು.

ಸೋಮಾರಿಗೆ ನಾಲ್ಕು ಬಗೆಯ ವೇಗಗಳಿದ್ದವು. ನಾಲ್ಕನೆಯದನ್ನು ತೊಟ್ಟಿಯ ಹೊರಗೆ ಯಾರೂ ಬಳಸಿರಲಿಲ್ಲ. ತೆರೆದ ನೀರಿನಲ್ಲಿ ಅಷ್ಟು ಬೇಗ ಮಾತಾಡಿದರೆ ಮಾತು ಒಡೆಯುತ್ತದೆ ಎಂಬುದು ಎಲ್ಲರ ಅಭಿಪ್ರಾಯ, ಅಕ್ಕನದೂ. ಒಡೆದರೆ ಮತ್ತೆ ಹೇಳಬೇಕು. ಮತ್ತೆ ಒಡೆದರೆ ಮತ್ತೆ. ಹೇಳಿದ್ದನ್ನೇ ಹೇಳುತ್ತ, ಹೇಳುತ್ತ, ಬ್ಯಾಟರಿ ಬರಿದಾಗುತ್ತದೆ. ಅವಳಿಗೆ ಬೇಕಾದದ್ದು ಅದೇ. ಯಾರೂ ಅವಳನ್ನು ಏನೂ ಕೇಳುವಂತಿರಲಿಲ್ಲ. ಸೋಮಾರಿಯನ್ನು ಯಾವ ವೇಗದಲ್ಲಿ ಮಾತಾಡಿಸಬೇಕೆಂದು ತೀರ್ಮಾನಿಸುವವಳು ಅವಳೇ.

ಶಿಳ್ಳೆ ಹಾಕಿದಳು. ನೀನು ಇಳಿದಂದಿನಿಂದ ತೆಗೆದ ಚಿತ್ರಗಳನ್ನೆಲ್ಲ, ಮಸುಕಿನದಲ್ಲ, ಪೂರ್ತಿ ಚಿತ್ರಗಳನ್ನು, ನಾಲ್ಕನೇ ವೇಗದಲ್ಲಿ, ದೊಡ್ಡ ದನಿಯಲ್ಲಿ ಕಳಿಸು ಎಂದು ಅಪ್ಪಣೆ ಕೊಟ್ಟಳು. ಕೊಟ್ಟು, ಕೈ ಮಡಿಲಲ್ಲಿ ಇಟ್ಟುಕೊಂಡು, ಒಡೆದ ಮಾತುಗಳ ಲೆಕ್ಕ ತೋರಿಸುವ ಮೂಲೆಯನ್ನೇ ನೋಡುತ್ತ ಕುಳಿತಳು.

ಗಾಳಿಯಿರಲಿಲ್ಲ. ನೀರು ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು. ಕಂಪ್ಯೂಟರಿನ ಪರದೆಯಲ್ಲಿ ಜಾಲರಿಯ ಮೊದಲ ಚಿತ್ರ ಬಂತು, ಅದರ ಹಿಂದೆ ಎರಡನೆಯದು. ಆಮೇಲೆ ಚಿತ್ರಗಳು ಇಸ್ಪೀಟು ಹಂಚಿದ ಹಾಗೆ ಬೀಳತೊಡಗಿದವು. ಜಾಲರಿಯ ಸರಳುಗಳು, ಅವುಗಳ ತುಕ್ಕು, ತುಕ್ಕಿನ ಮೇಲಿನ ನವಿರಾದ ಹೂಳು. ಮೂಲೆಯಲ್ಲಿ ಲೆಕ್ಕ ಸೊನ್ನೆಯಲ್ಲೇ ನಿಂತಿತ್ತು. ಎಲ್ಲೋ ಒಂದು ಮಾತು ಒಡೆಯಿತು, ಸೋಮಾರಿ ಅದನ್ನೊಂದನ್ನು ಮತ್ತೆ ಹೇಳಿದ, ಮುಂದುವರಿದ.

“ಏನಂತೆ ಅವನದು?” ದೋಣಿಯವನು ಕೇಳಿದ. “ಇವತ್ತು ಭಾರಿ ಮಾತು.”

“ಎಲ್ಲಾ ಹೇಳ್ತಿದಾನೆ.”

“ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದ ಅನ್ನು. ಸುಸ್ತಾಗಲ್ವಾ ಪಾಪ?”

ಎಲ್ಲವನ್ನೂ ಕಳಿಸಿ ಸೋಮಾರಿ ಮಲಗಿದ. ಅಕ್ಕ ಮತ್ತೆ ಎಬ್ಬಿಸಿ ಬ್ಯಾಟರಿ ಕೇಳಿದಳು. ಗೆರೆ ಅಲುಗಿತ್ತು. ಅಲುಗಿತ್ತು, ಅಷ್ಟೇ. ಬೇಗ ಹೇಳಿದ್ದರಿಂದ ಸ್ವಲ್ಪವೇ ಹೊತ್ತು ಕೂಗಿದ್ದ. ಸ್ಪಷ್ಟವಾಗಿ ಹೇಳಿದ್ದರಿಂದ ಒಂದೇ ಸಲ ಹೇಳಿದ್ದ. ನಿಧಾನವಾಗಿ ಹೇಳಿದ್ದರೆ ಇದರ ಹಲವು ಪಟ್ಟು ಖರ್ಚಾಗುತ್ತಿತ್ತು. ಇಷ್ಟು ವರ್ಷ ತೊಟ್ಟಿಯ ಪಕ್ಕದಲ್ಲಿ ಕುಳಿತು ಅವಳು ಹುಡುಕುತ್ತಿದ್ದದ್ದು ಇದನ್ನೇ. ಅವಳ ಎದೆ ಹಿಗ್ಗಿತು. ಹಿಗ್ಗಿದ ಎದೆಯಲ್ಲೇ ಬಾಗಿಲೊಂದು ಮೆಲ್ಲಗೆ ಮುಚ್ಚಿಕೊಂಡಿತು. ಇದನ್ನು ಕೇಳಿದ ಮೇಲೆ ಯಾರು ತಾನೇ ಅವಳನ್ನು ಬಿಡುತ್ತಾರೆ?

ಅಳಿಸಿಬಿಡಬಹುದಿತ್ತು. ಬೆರಳು ಆ ಗುಂಡಿಯ ತನಕ ಹೋಯಿತು. ಚಿತ್ರಗಳು ಅಷ್ಟು ಸ್ವಚ್ಛವಾಗಿದ್ದವು. ಅಳಿಸಲಾಗಲಿಲ್ಲ.

ದೊಡ್ಡವರು ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಒಂದೇ ಸಲಕ್ಕೇನಾ? ನಾಲ್ಕನೇ ವೇಗದಲ್ಲೇನಾ? ಹೇಗೆ ಧೈರ್ಯ ಬಂತಮ್ಮ ನಿನಗೆ?”

“ಧೈರ್ಯ ಅಲ್ಲ ಸರ್. ಅವನನ್ನ ಸಾಯಿಸೋಕೆ ಹೋಗಿದ್ದೆ.”

ದೊಡ್ಡವರು ತಲೆ ಎತ್ತಿದರು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ತಿಂಗಳ ಕೊನೆಯದನ್ನೂ ಸೇರಿಸಿ.

“ಇಷ್ಟು ಕಷ್ಟ ಇತ್ತಾ? ಹೇಳಬಾರದಿತ್ತಾ?”

“ಮೂರು ಸಲ ಬಂದಿದೀನಿ ಸರ್.”

“ಬಂದಿದ್ದು ಹೌದು. ನಾನು ನೋಡೋಣ ಅಂದೆ, ನೀನು ಆಯ್ತು ಅಂದೆ. ಆಯ್ತು ಅಂದ್ಲಲ್ಲ, ಅಂಥ ಅವಸರ ಏನಿಲ್ಲ ಅಂತ ನಾನೂ ಬಿಟ್ಟುಬಿಟ್ಟೆ.” ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. “ಈಗ ಹೇಗಮ್ಮ ಕಳಿಸ್ಲಿ? ಈಗ ತಾನೇ ನಿಜವಾದ ಕೆಲಸ ಶುರುವಾಗಿದೆ. ನಾನು ಮಾತಿಗೆ ತಪ್ಪಲ್ಲ. ಬ್ಯಾಟರಿ ಮುಗೀಲಿ, ಅವತ್ತೇ ಸಹಿ. ಮುಗಿಯದೇ ಇದ್ರೆ ನಾನೇನು ಮಾಡ್ಲಿ?”

ಅಕ್ಕ ‘ಆಯ್ತು’ ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಂದ ಬೇರೆ ಮಾತು ಬಂತು.

“ನಾವು ಅಳೀತಿರೋದೇ ಸರಿಯಿಲ್ಲ ಸರ್.”

“ಅಂದ್ರೆ?”

“ಎಷ್ಟು ದಿನ ಬದುಕಿದ ಅಂತ ಅಳೀತಿದೀವಿ. ಮಲಗಿಕೊಂಡೇ ಇದ್ರೆ ಯಾರು ಬೇಕಾದ್ರೂ ಬದುಕ್ತಾರೆ. ಒಂದು ಬ್ಯಾಟರಿ ಮುಗಿಯೋದ್ರೊಳಗೆ ಎಷ್ಟು ಹೇಳಿದ, ಅದಲ್ವಾ ಲೆಕ್ಕ? ಅದನ್ನ ನಾವು ನೋಡೇ ಇಲ್ಲ.”

ದೊಡ್ಡವರು ಮುಂದಕ್ಕೆ ಬಾಗಿದರು. ಬೆರಳಿನಿಂದ ಮೇಜಿನ ಮೇಲೆ ಏನನ್ನೋ ಬರೆದರು, ಅಳಿಸಿದರು. ಬಿಡುಗಡೆಯ ಮಾತು ಅವರ ಮುಖದಿಂದ ಹೋಗಿ ಪ್ರಯೋಗದ ಮಾತು ಬಂದಿತ್ತು. “ಹೊರಗಿನವರು ಇದನ್ನೇ ಕೇಳಿದ್ರೆ ನಮ್ಮ ಹತ್ರ ಉತ್ತರ ಇಲ್ಲ,” ಎಂದರು ನಿಧಾನವಾಗಿ. “ಮಲಗೋಕೆ ಬಿಡಬಾರದು ಅಂತೀಯ.”

“ಚಿತ್ರ ತೆಗೀತಾ ಇರ್ಲಿ, ಕಳಿಸ್ತಾ ಇರ್ಲಿ. ಮುಗಿಯೋವರೆಗೂ.”

“ಎಷ್ಟು ದಿನ ಆಗುತ್ತೆ?”

ಅಕ್ಕ ಅಲ್ಲೇ ನಿಂತು ಮನಸ್ಸಿನಲ್ಲಿ ಕೂಡಿದಳು. ಈ ಸಲ ಎಲ್ಲೂ ಏನೂ ಕಳೆಯಲಿಲ್ಲ. “ಈ ತಿಂಗಳ ಕೊನೆ ದಾಟುತ್ತೆ ಸರ್. ಅದರ ಮೇಲೆ ಒಂದು ವಾರ, ಹತ್ತು ದಿನ.”

“ಆ ಜಾಗ ಆಗ ಇರಲ್ಲ.”

“ಇರದೇನೂ ಇರಬಹುದು.”

ಅವರು ಒಪ್ಪಿದರು. ಒಪ್ಪದೆ ಇರಲು ಅವರ ಬಳಿ ಕಾರಣವಿರಲಿಲ್ಲ.

ಆಮೇಲಿನ ದಿನಗಳಲ್ಲಿ ಪಂಪ್‌ಹೌಸಿನಲ್ಲಿ ಸೋಮಾರಿಯದೇ ಸದ್ದು. ತೇಲುಕಟ್ಟೆಯಿಂದ ತಂತಿ ಎಳೆದು ಸ್ಪೀಕರಿಗೆ ಕೊಟ್ಟಿದ್ದರು. ಒಣಗಿದ ಕೀಲಿನ ಹಾಗೆ ಅದು ಕಿರುಗುಟ್ಟುತ್ತಿತ್ತು. ಮಹಡಿಯವರು ಸಣ್ಣದು ಮಾಡಿ ಎಂದರು, ಅಕ್ಕ ಸಣ್ಣದು ಮಾಡಿದಳು, ನಿಲ್ಲಿಸಲಿಲ್ಲ. ಗಾಳಿ ಬೀಸಿದ ದಿನ ಮಾತು ಒಡೆಯುತ್ತಿತ್ತು. ಆಗ ತಾನು ಕಲಿಸಿದ್ದನ್ನೇ ಅವಳು ಇನ್ನಷ್ಟು ತಿದ್ದುತ್ತಿದ್ದಳು, ಶಿಳ್ಳೆಯನ್ನು ತುಸು ಉದ್ದ ಮಾಡುತ್ತಿದ್ದಳು. ತಿದ್ದಿದರೆ ಬ್ಯಾಟರಿ ಇನ್ನೊಂದು ದಿನ ಹೆಚ್ಚು ಬರುತ್ತದೆ. ತಿದ್ದದಿದ್ದರೆ ತಾನು ಬೇಗ ಹೊರಡಬಹುದು. ಅದು ಗೊತ್ತಿದ್ದೂ ಕೈ ಸುಮ್ಮನಿರುತ್ತಿರಲಿಲ್ಲ.

ಗಂಡ ಹೋಗಿ ಸಮುದ್ರ ಕೇಂದ್ರದವರ ಬಳಿ ಮಾತಾಡಿ ಬಂದ. “ಒಂದು ವಾರ ನೋಡ್ತೀವಿ ಅಂದ್ರು. ನೋಡ್ತೀವಿ ಅಂದ್ರೆ ಕಾಯ್ತೀವಿ ಅಂತ ಅಲ್ಲ, ತಿಳ್ಕೋ.”

ತಿಂಗಳು ಮುಗಿಯಿತು. ವಾರವೂ ಮುಗಿಯಿತು. ಸೋಮಾರಿ ಹೇಳುತ್ತಲೇ ಇದ್ದ. ಒಂದು ಚಿತ್ರದಲ್ಲಿ ಯಾವುದೋ ಮೀನು ಕ್ಯಾಮೆರಾಕ್ಕೆ ತೀರ ಹತ್ತಿರ ಬಂದು, ಪರದೆಯ ತುಂಬ ಅದರ ಕಣ್ಣೊಂದೇ ಇತ್ತು. ಅದನ್ನು ಅಕ್ಕ ಮಗಳಿಗೆ ಕಳಿಸಿದಳು. ಹುಡುಗಿ ‘ಪಾಪ, ಇದಕ್ಕೆ ರೆಪ್ಪೆನೇ ಇಲ್ಲ’ ಎಂದು ಬರೆದಳು.

ಒಂದು ಮಧ್ಯಾಹ್ನ ಜಾಲರಿಯ ಚಿತ್ರವೊಂದು ಅರ್ಧ ಬಂದು ನಿಂತಿತು. ಮೇಲಿನ ಸರಳುಗಳಿದ್ದವು, ಕೆಳಗೆ ಬರಿ ಬೂದು. ಅಕ್ಕ ಉಳಿದರ್ಧಕ್ಕೆ ಕಾದಳು. ಆಮೇಲೆ ದೋಣಿಯಲ್ಲಿ ಹೋಗಿ ತಾನೇ ಶಿಳ್ಳೆ ಹಾಕಿದಳು. ಮತ್ತೆ ಹಾಕಿದಳು. ಇನ್ನೊಂದು ಸಲ ಹಾಕಲು ಹೊರಟಾಗ ದೋಣಿಯವನು, “ಸಾಕು ಬಿಡಕ್ಕ,” ಎಂದ. “ಹೇಳೋದೆಲ್ಲಾ ಹೇಳಿದಾನೆ.”

ದೊಡ್ಡವರು ಸಹಿ ಹಾಕಿದರು. ಎಷ್ಟು ಹೇಳಿದ್ದ ಎಂಬ ಒಟ್ಟು ಲೆಕ್ಕವನ್ನು ಎರಡು ಸಲ ಓದಿಸಿಕೊಂಡರು. “ಅಲ್ಲಿ ಜಾಗ ಇಲ್ಲ ಅಂದ್ರೆ ವಾಪಸ್ ಬಾಮ್ಮ. ನಿನ್ನ ಮೇಜು ಇಲ್ಲೇ ಇರುತ್ತೆ.”

“ಬರಲ್ಲ ಸರ್,” ಎಂದಳು ಅಕ್ಕ. ಒರಟಾಗಿ ಕೇಳಿಸಿತೇನೋ ಎನಿಸಿತು. ಆದರೂ ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಸಮುದ್ರ ಕೇಂದ್ರದವರು ಬೇರೊಬ್ಬರನ್ನು ಕರೆದು ನೋಡಿದ್ದರು, ಇನ್ನೂ ತೆಗೆದುಕೊಂಡಿರಲಿಲ್ಲ. ಬಂದು ಮಾತಾಡಲಿ ಎಂದಿದ್ದರು, ಅಷ್ಟೇ. ಬಸ್ಸಿನಲ್ಲಿ ಅವಳಿಗೆ ಹಿಂದಿನ ಸೀಟು ಸಿಕ್ಕಿತು. ಚೀಲ ಕಾಲ ಬಳಿ ಹಿಡಿಸದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮನೆಗೆ ಫೋನು ಮಾಡಿದಾಗ ಮಗಳೇ ಎತ್ತಿಕೊಂಡಳು.

“ಎಷ್ಟು ದಿನಕ್ಕೆ ಬರ್ತಿದೀಯಮ್ಮ?”

“ಗೊತ್ತಿಲ್ಲ ಕಣೇ. ಸಾಮಾನೆಲ್ಲ ತಂದಿದೀನಿ.”

“ಕಪಾಟಿನಲ್ಲಿ ಜಾಗ ಇಲ್ಲ,” ಎಂದಳು ಹುಡುಗಿ. “ಕೆಳಗಡೆದು ನಂದು, ಮೇಲ್ಗಡೆದು ಅತ್ತೇದು. ಇರು, ಕೇಳಿ ಬರ್ತೀನಿ.”

ಅವಳು ಫೋನನ್ನು ಎಲ್ಲೋ ಇಟ್ಟು ಓಡಿದಳು. ಕಟ್ ಮಾಡಲಿಲ್ಲ. ಅಕ್ಕ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಇಂಜಿನ್ನಿನ ಸದ್ದಿನಾಚೆಗೆ ಆ ಮನೆಯನ್ನು ಕೇಳುತ್ತ ಕುಳಿತಳು. ಹೆಜ್ಜೆ, ನಲ್ಲಿಯ ನೀರು, ನಾದಿನಿ ಏನೋ ಕೇಳಿದ್ದು, ಮಗಳು ಏನೋ ಹೇಳಿದ್ದು. ಮಾತು ತಿಳಿಯಲಿಲ್ಲ. ಆಮೇಲೆ ಕಬ್ಬಿಣದ ಕಪಾಟಿನ ಬಾಗಿಲು ಕಿರ್ರೆಂದು ತೆರೆದುಕೊಂಡಿತು.